ಗೊತ್ತಿರಲಿಲ್ಲ ಎಂಬುದು ಗೊತ್ತಾಗುವ ವಯಸ್ಸು

ಅನುಭವದಿಂದ ಕಲಿಯುವುದು ಎಂದರೇನು ಎಂದು ಮೂರು ವರ್ಷದ ಮಗುವಿಗೆ ವಿವರಿಸುವುದು ಸುಲಭವಲ್ಲ. ಮಗುವಿಗೆ ಕಲಿಯಲು ಬಾರದೆಂದಲ್ಲ, ಹುಟ್ಟಿದಾಗಿನಿಂದ ಅದು ಮಾಡುತ್ತಿರುವುದೇ ಆ ಕೆಲಸ. ಆದರೆ ತಾನು ಕಲಿತೆ ಎಂಬುದು ಅದರ ಗಮನಕ್ಕೆ ಬಂದಿರುವುದಿಲ್ಲ.

ನಡಿಗೆಯನ್ನೇ ನೋಡಬಹುದು. ಅಮೆರಿಕದ ಮನೋವಿಜ್ಞಾನಿ ಕ್ಯಾರನ್ ಅಡಾಲ್ಫ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 12ರಿಂದ 19 ತಿಂಗಳ ಮಕ್ಕಳು ಆಡುತ್ತಾ ಗಂಟೆಗೆ ಸರಾಸರಿ 2,368 ಹೆಜ್ಜೆ ಇಟ್ಟಿದ್ದರು, 17 ಸಲ ಬಿದ್ದಿದ್ದರು. ಇಳಿಜಾರು ಹಲಗೆಯ ಮೇಲೆ ಅಡಾಲ್ಫ್ ನಡೆಸಿದ ಪ್ರಯೋಗ ಇನ್ನೂ ಸ್ವಾರಸ್ಯಕರ. ಅಂಬೆಗಾಲಿಡುವ ಮಗು ಎಷ್ಟು ಕಡಿದಾದರೆ ಅಪಾಯ ಎಂಬುದನ್ನು ವಾರಗಟ್ಟಲೆ ಹರಿದಾಡಿ ಅರಿಯುತ್ತದೆ. ಎದ್ದು ನಡೆಯತೊಡಗಿದ ಮೇಲೆ ಅದೇ ಮಗು ಅಂಥದೇ ಇಳಿಜಾರಿಗೆ ಹಿಂದುಮುಂದು ನೋಡದೆ ಕಾಲಿಡುತ್ತದೆ! ಅಂಬೆಗಾಲಿನ ಪಾಠ ನಡಿಗೆಗೆ ಒದಗುವುದಿಲ್ಲ. ಬಿದ್ದರೆ ಬುದ್ಧಿ ಬರುತ್ತದೆ ಎನ್ನುವುದು ಅರ್ಧ ಮಾತ್ರ ನಿಜ.

ಕಲಿತದ್ದು ನೆನಪಿದ್ದರೂ, ಕಲಿಯುವ ಮುಂಚಿನ ಸ್ಥಿತಿ ಪುಟ್ಟ ಮಕ್ಕಳಿಗೆ ನೆನಪಿರುವುದಿಲ್ಲ. ಅಲಿಸನ್ ಗಾಪ್ನಿಕ್ ಮತ್ತು ಜಾನೆಟ್ ಆಸ್ಟಿಂಗ್ಟನ್ 1988ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಮಕ್ಕಳಿಗೆ ಸ್ಮಾರ್ಟೀಸ್ ಡಬ್ಬಿ ತೋರಿಸಲಾಯಿತು. ಸ್ಮಾರ್ಟೀಸ್ ಎಂದರೆ ನಮ್ಮ ಜೆಮ್ಸ್‌ನಂಥ ಮಿಠಾಯಿ. ತೆರೆದರೆ ಒಳಗಿದ್ದದ್ದು ಪೆನ್ಸಿಲ್. ತೆರೆಯುವ ಮೊದಲು ಒಳಗೇನಿದೆ ಅಂದುಕೊಂಡಿದ್ದೆ ಎಂದು ಕೇಳಿದಾಗ ಮೂರು ವರ್ಷದ ಹಲವು ಮಕ್ಕಳು ‘ಪೆನ್ಸಿಲ್’ ಎಂದೇ ಉತ್ತರಿಸಿದರು. ಇದು ಸುಳ್ಳಲ್ಲ, ಜಂಬವೂ ಅಲ್ಲ. 1994ರಲ್ಲಿ ಮಾರ್ಜೋರಿ ಟೇಲರ್ ಮತ್ತು ಸಂಗಡಿಗರು ನಾಲ್ಕು ವರ್ಷದವರಿಗೆ ಹೊಸ ಸಂಗತಿಗಳನ್ನು ಕಲಿಸಿ ಕೇಳಿದಾಗಲೂ, ಇದು ಮೊದಲೇ ಗೊತ್ತಿತ್ತು ಎಂದವರೇ ಹೆಚ್ಚು. ಐದರ ಹೊತ್ತಿಗೆ ಈ ಗೊಂದಲ ಬಹಳಷ್ಟು ತಿಳಿಯಾಗುತ್ತದೆ.

ಹಾಗಾಗಿ ಮಗುವಿನ ಊಹೆಯನ್ನು ಮೊದಲೇ ಹಿಡಿದಿಡುವುದು ಒಳ್ಳೆಯ ಉಪಾಯ. ಸಿಪ್ಪೆಯಿರುವ ಕಿತ್ತಳೆ ಬಕೆಟ್ಟಿನ ನೀರಿನಲ್ಲಿ ತೇಲುತ್ತದೆ. ಸುಲಿದರೆ ಏನಾದೀತು? ಮಗು ತನಗೆ ತೋಚಿದ್ದನ್ನು ಸ್ಲೇಟಿನಲ್ಲಿ ಬರೆದು ತೋರಿಸಲಿ. ತೂಕ ಇಳಿದ ಹಣ್ಣು ತೇಲಬೇಕೆಂದೇ ಹೆಚ್ಚಿನವರ ಎಣಿಕೆ. ದೊಡ್ಡವರೂ ಇಲ್ಲಿ ಎಡವುತ್ತಾರೆ. ಸಾಮಾನ್ಯವಾಗಿ ಅದು ಮುಳುಗುತ್ತದೆ, ಏಕೆಂದರೆ ಗಾಳಿ ತುಂಬಿದ್ದದ್ದು ಸಿಪ್ಪೆಯಲ್ಲಿ. ಆಗ ಸ್ಲೇಟು ನೋಡಿದರೆ ಮೊದಲು ಅಂದುಕೊಂಡದ್ದು ಮತ್ತು ಈಗ ತಿಳಿದದ್ದು ಎರಡೂ ಕಣ್ಣೆದುರು ಇರುತ್ತವೆ. ಇಷ್ಟು ರೂಢಿಯಾದ ಮೇಲೆ ಬೇರೆಯವರ ಅನುಭವದ ಸರದಿ. ಕಾವಲಿ ಕಾದದ್ದು ಹೇಗೆ ತಿಳಿಯಿತು, ಮೊದಲ ದೋಸೆಗಳು ಹೇಗೆ ಬಂದಿದ್ದವು ಎಂದು ಮಗು ಅಜ್ಜಿಯನ್ನೇ ಕೇಳಬಹುದು.