ತುತ್ತು ಇಳಿಸುವ ದುಡಿಮೆ

ಕೊಲ್ಹಾಪುರ ಜಿಲ್ಲೆಯ ಬಿದ್ರಿ, ಗಡಹಿಂಗ್ಲಜ, ಇಚಲಕರಂಜಿ ಸೀಮೆ ಎಂದರೆ ಕಬ್ಬು, ಸಕ್ಕರೆ ಕಾರ್ಖಾನೆ, ವಿದ್ಯುತ್ ಮಗ್ಗಗಳು ನೆನಪಾಗುತ್ತವೆ. ನುಂಗಲು ತೊಡಕಿರುವ ಮಗುವಿಗೆ ಒಂದು ಬಟ್ಟಲು ಗಂಜಿ ಕುಡಿಸುವುದರಲ್ಲೇ ಅರ್ಧ ಹೊತ್ತು ಕಳೆಯುವ ಮನೆಗಳೂ ಇಂಥ ಸೀಮೆಗಳಲ್ಲಿವೆ. ಮನೆಯೊಳಗಿನ ಈ ದುಡಿಮೆ ಯಾವ ಲೆಕ್ಕಕ್ಕೂ ಸೇರುವುದಿಲ್ಲ.

ತೊಡಕಿನ ಮೂಲ

ನುಂಗುವಾಗ ತುಟಿ, ನಾಲಿಗೆ, ಗಂಟಲು, ಉಸಿರು ಒಂದಕ್ಕೊಂದು ಹೊಂದಿಕೊಂಡು ನಡೆಯಬೇಕು. ಹುಟ್ಟುವಾಗ ಮೆದುಳಿಗೆ ಆಮ್ಲಜನಕ ಸಾಲದಿದ್ದರೆ, ದಿನ ತುಂಬುವ ಮೊದಲೇ ಹೆರಿಗೆಯಾದರೆ, ಕಾಮಾಲೆ ಮಿತಿಮೀರಿದರೆ ಅಥವಾ ಮೆದುಳಿಗೆ ಸೋಂಕು ತಗುಲಿದರೆ ಈ ಹೊಂದಾಣಿಕೆ ತಪ್ಪಬಹುದು. ಕೆಲವು ಮಕ್ಕಳಲ್ಲಿ ವಂಶವಾಹಿ ದೋಷವೇ ಕಾರಣವಾಗಿರುತ್ತದೆ. ಬಸುರಿಯಿದ್ದಾಗ ಗ್ರಹಣ ನೋಡಿದ್ದರ ಫಲವೆಂದು ತಾಯಿಯನ್ನು ದೂರುವುದಕ್ಕೆ ಯಾವ ಆಧಾರವೂ ಇಲ್ಲ.

ಇಂಥ ಮಗುವಿಗೆ ಉಣಿಸುವಾಗ ತಾಯಿ ಅದನ್ನು ನೇರವಾಗಿ ಕೂರಿಸಿ, ಗದ್ದ ತುಸು ತಗ್ಗಿಸಿ, ಚಮಚದ ತುದಿಯಲ್ಲಿ ಮಂದವಾದ ಗಂಜಿಯನ್ನು ತುಟಿಗಿಡುತ್ತಾಳೆ. ಗುಟುಕು ಇಳಿದದ್ದು ಖಚಿತವಾದ ಮೇಲಷ್ಟೇ ಮುಂದಿನ ಚಮಚ. ಅವಸರ ಮಾಡಿದರೆ ನೆತ್ತಿಗೆ ಹತ್ತುತ್ತದೆ; ಆಹಾರ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಮರುಕಳಿಸುತ್ತದೆ. ಜೊತೆಗೆ ಫಿಟ್ಸ್‌ ಇದ್ದರೆ ಅದರ ಮಾತ್ರೆಯ ಹೊತ್ತು ತಪ್ಪುವಂತಿಲ್ಲ. ಹೀಗಾಗಿ ಕೂಲಿಗೋ ಮಗ್ಗದ ಪಾಳಿಗೋ ಹೋಗುತ್ತಿದ್ದ ತಾಯಿ ಮನೆಯಲ್ಲೇ ಉಳಿಯಬೇಕಾಗುತ್ತದೆ.

ಬಾಯಿಯೋ, ನಳಿಕೆಯೋ?

ಊಟ ಮಾಡಿಸಲು ದಿನಕ್ಕೆ ಒಟ್ಟು ಮೂರು ಗಂಟೆಗಿಂತ ಹೆಚ್ಚು ಹಿಡಿಯುತ್ತಿದ್ದರೆ ಆಹಾರವನ್ನು ನೇರವಾಗಿ ಹೊಟ್ಟೆಗೆ ಇಳಿಸುವ ನಳಿಕೆಯ ಬಗ್ಗೆ ಯೋಚಿಸಬೇಕೆಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಮೂಗಿನ ನಳಿಕೆ ಕೆಲವು ವಾರಗಳ ಮಟ್ಟಿಗೆ ಸರಿ. ದೀರ್ಘಕಾಲಕ್ಕೆ ಹೊಟ್ಟೆಯ ಮೇಲೆ ಸಣ್ಣ ರಂಧ್ರ ಮಾಡಿ ಅಳವಡಿಸುವ ನಳಿಕೆಯೇ ಅನುಕೂಲ. ಅದನ್ನು ಒಪ್ಪಲು ಅನೇಕ ಕುಟುಂಬಗಳು ಹಿಂಜರಿಯುತ್ತವೆ. ಬಾಯಿಯ ರುಚಿ, ಎಲ್ಲರೊಡನೆ ಕೂತು ಉಣ್ಣುವ ಸುಖ ಮಗುವಿಗೆ ಇನ್ನಿಲ್ಲವಾಗುತ್ತದೆಂಬ ಅಳುಕು ಅವರದು. ಆ ಅಳುಕನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ತೂಕ ಇಳಿಯುತ್ತಿರುವ ಮಗುವಿಗೆ ಕಾಯುವ ಸಮಯವಿಲ್ಲ ಎಂಬ ವೈದ್ಯರ ಮಾತೂ ಅಷ್ಟೇ ನಿಜ. ಸುರಕ್ಷಿತವೆಂದು ವೈದ್ಯರು ಹೇಳಿದ ಮಕ್ಕಳಿಗೆ ನಳಿಕೆಯ ಜೊತೆಗೇ ಬಾಯಿಗೆ ಒಂದೆರಡು ಚಮಚ ರುಚಿ ತೋರಿಸಬಹುದು ಎಂಬುದನ್ನು ಮನೆಯವರಿಗೆ ಬಿಡಿಸಿ ಹೇಳಬೇಕು.

ಕಾನೂನು ಮತ್ತು ಗಡಿ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನೂ ಪ್ರಸ್ತಾಪಿಸಿದೆ. ಮೆದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ), ಆಟಿಸಂ, ಬುದ್ಧಿಮಾಂದ್ಯ, ಬಹುವೈಕಲ್ಯ ಉಳ್ಳವರಿಗೆ ‘ನಿರಾಮಯ’ ವಿಮೆ ಒಂದು ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ. ಆದರೆ ಮೊದಲು ಕೈಯಿಂದ ಖರ್ಚು ಮಾಡಿ ಆಮೇಲೆ ಬಿಲ್ಲು ಸಲ್ಲಿಸುವುದು ಕೂಲಿಕಾರರ ಮನೆಗೆ ಸುಲಭವಲ್ಲ.

ಮಹಾರಾಷ್ಟ್ರ-ಕರ್ನಾಟಕ ಗಡಿಯ ಈ ಸೀಮೆಯವರಿಗೆ ಕೊಲ್ಹಾಪುರ, ಮಿರಜ, ಬೆಳಗಾವಿ ಮೂರೂ ಚಿಕಿತ್ಸೆಯ ಊರುಗಳು. ವೈಕಲ್ಯದ ಗುರುತಿನ ಚೀಟಿ ದೇಶವಿಡೀ ನಡೆಯುತ್ತದೆ. ರಾಜ್ಯಗಳ ಪಿಂಚಣಿ ಮಾತ್ರ ವಾಸಸ್ಥಳಕ್ಕೆ ಅಂಟಿಕೊಂಡಿದೆ. ಕನ್ನಡ ಮನೆಮಾತಿನ ತಾಯಿಗೆ ನಳಿಕೆ ತೊಳೆಯುವ ಕ್ರಮವನ್ನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆದುಕೊಟ್ಟರೆ ಸಾಲದು. ಒಂದು ತಪ್ಪು ಹೆಜ್ಜೆ ಮಗುವಿನ ಜೀವಕ್ಕೇ ಎರವಾಗಬಹುದು.

ಕಾಸರಗೋಡಿನ ಪಾಠ

ಕನ್ನಡಿಗರಿರುವ ಇನ್ನೊಂದು ಗಡಿ ಜಿಲ್ಲೆಯಾದ ಕೇರಳದ ಕಾಸರಗೋಡಿನಲ್ಲಿ 2000ದವರೆಗೂ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕದ ಸಿಂಪಡಣೆ ನಡೆಯಿತು. ಅದರಿಂದ ಆರೋಗ್ಯ ಕೆಟ್ಟ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಸರ್ವೋಚ್ಚ ನ್ಯಾಯಾಲಯ 2017ರ ಜನವರಿಯಲ್ಲಿ ಆದೇಶಿಸಿತು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ಕೊಡುವ ಯೋಜನೆಯೂ ಕೇರಳದಲ್ಲಿದೆ. ಮೊತ್ತ ಚಿಕ್ಕದಾದರೂ ಆರೈಕೆಯೂ ದುಡಿಮೆಯೆಂಬ ಮನ್ನಣೆ ಅದರಲ್ಲಿದೆ. ಒಮ್ಮೆ ಕೊಟ್ಟ ಪರಿಹಾರ ಎಷ್ಟೇ ದೊಡ್ಡದಿರಲಿ, ದಿನದಿನದ ಆರೈಕೆಗೆ ದಿನದಿನದ ಆಸರೆಯೇ ಬೇಕು.

ಆಗಬೇಕಾದದ್ದು

ಭತ್ಯೆ ಮುಖ್ಯವೋ ಸೇವೆ ಮುಖ್ಯವೋ ಎಂಬ ಚರ್ಚೆ ಇದೆ. ಹಣವಿದ್ದರೂ ಕಲಿಸುವವರಿಲ್ಲದಿದ್ದರೆ ಮಗು ಸುರಕ್ಷಿತವಾಗದು. ಕಲಿತರೂ ಕೂಲಿ ಬಿಟ್ಟ ತಾಯಿಯ ಒಲೆ ಉರಿಯದು. ಆದ್ದರಿಂದ ಎರಡೂ ಬೇಕು, ಆದರೆ ಮೊದಲ ಹೆಜ್ಜೆ ಹತ್ತಿರದ ಸೇವೆ: ತಾಲೂಕು ಮಟ್ಟದಲ್ಲಿ ನುಂಗುವಿಕೆಯ ತರಬೇತಿ, ನಳಿಕೆ ಮತ್ತು ಸಿರಿಂಜುಗಳ ಉಚಿತ ಪೂರೈಕೆ, ಮನೆಮಾತಿನಲ್ಲಿ ಸೂಚನೆ. ಕಾಯ್ದೆಯಲ್ಲಿ ಬರೆದಿರುವ ಭತ್ಯೆಯನ್ನು ಗಡಿಯ ಎರಡೂ ಬದಿಯ ಸರ್ಕಾರಗಳು ಒಂದೇ ಮಟ್ಟದಲ್ಲಿ ತಪ್ಪದೆ ತಲುಪಿಸಬೇಕು. ನೆರೆಹೊರೆಯವರಾದ ನಾವು ವಾರದಲ್ಲಿ ಒಂದು ಹೊತ್ತು ಆ ಮಗುವಿನ ಬಳಿ ಕೂತು ತಾಯಿಗೆ ಬಿಡುವು ಕೊಡಬಹುದು. ಅದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಿಲ್ಲ.