ಬಿಸ್ಮಾರ್ಕನ ಜರ್ಮನಿ, ನಿಜಾಮನ ಬೀದರ

ಸಂಸ್ಥಾನಗಳನ್ನು ಭಾರತದಲ್ಲಿ ಒಗ್ಗೂಡಿಸಿದ ಸರ್ದಾರ್ ಪಟೇಲರನ್ನು ‘ಭಾರತದ ಬಿಸ್ಮಾರ್ಕ್’ ಎಂದು ಕರೆಯುವುದು ಪಾಠಗಳಲ್ಲೂ ಭಾಷಣಗಳಲ್ಲೂ ರೂಢಿಯಾಗಿದೆ. ಬೀದರ, ಭಾಲ್ಕಿ, ಔರಾದದವರು ಈ ಹೋಲಿಕೆಯನ್ನು ಪರೀಕ್ಷಿಸದೆ ಒಪ್ಪಬಾರದು. ವಿಲೀನದ ಸಂಕಟವನ್ನೂ ಫಲವನ್ನೂ ಕಂಡ ನೆಲ ಇದು.

1862ರಲ್ಲಿ ಪ್ರಷ್ಯಾದ ಪ್ರಧಾನಿಯಾದ ಆಟೋ ಫಾನ್ ಬಿಸ್ಮಾರ್ಕ್ ಮೂರು ಯುದ್ಧ ಮಾಡಿದ: 1864ರಲ್ಲಿ ಡೆನ್ಮಾರ್ಕ್, 1866ರಲ್ಲಿ ಆಸ್ಟ್ರಿಯಾ, 1870ರಲ್ಲಿ ಫ್ರಾನ್ಸ್. 1871ರ ಜನವರಿ 18ರಂದು ವರ್ಸೈ ಅರಮನೆಯಲ್ಲಿ ಪ್ರಷ್ಯಾದ ದೊರೆ ವಿಲ್ಹೆಲ್ಮ್ ಜರ್ಮನಿಯ ಚಕ್ರವರ್ತಿಯಾದ. ಯುದ್ಧಗಳ ಕಥೆ ಎಲ್ಲರಿಗೂ ಗೊತ್ತು. ಬಿಸ್ಮಾರ್ಕನ ನಿಜವಾದ ಚಾತುರ್ಯ ಕಾಣುವುದು ಆಮೇಲಿನ ಏರ್ಪಾಡಿನಲ್ಲಿ. ಸಾಮ್ರಾಜ್ಯದಲ್ಲಿ 25 ಸಂಸ್ಥಾನಗಳಿದ್ದವು, ಅರಸರಿದ್ದ ಕಡೆ ಅವರು ಗಾದಿಯ ಮೇಲೆಯೇ ಉಳಿದರು. ಬವೇರಿಯಾಕ್ಕೆ ತನ್ನದೇ ಅಂಚೆ, ರೈಲು, ಶಾಂತಿಕಾಲದಲ್ಲಿ ತನ್ನದೇ ಸೈನ್ಯ. ಸಂಸ್ಥಾನಗಳ ಸಭೆಯ 58 ಮತಗಳಲ್ಲಿ ಪ್ರಷ್ಯಾದ್ದು 17 ಮಾತ್ರ. ಆದರೆ 14 ಮತ ವಿರುದ್ಧ ಬಿದ್ದರೆ ಸಂವಿಧಾನದ ಯಾವ ತಿದ್ದುಪಡಿಯೂ ನಿಲ್ಲುತ್ತಿರಲಿಲ್ಲ. ಕೊಟ್ಟಂತೆಯೂ ಆಯಿತು, ಲಗಾಮು ಪ್ರಷ್ಯಾದ ಕೈಯಲ್ಲೇ ಉಳಿಯಿತು.

ವಿಲ್ಹೆಲ್ಮ್ ಚಕ್ರವರ್ತಿಯಾಗಲಿ ಎಂದು ಬವೇರಿಯಾದ ದೊರೆ ಎರಡನೆಯ ಲುಡ್ವಿಗ್ ಬರೆದ ಪತ್ರದ ಕರಡು ಬಿಸ್ಮಾರ್ಕನದೇ. ಅದಕ್ಕೆ ಪ್ರತಿಯಾಗಿ ಲುಡ್ವಿಗ್‌ಗೆ ಗುಟ್ಟಾಗಿ ಹಣ ಹೋಯಿತು. ಆ ಹಣ 1866ರಲ್ಲಿ ಗಾದಿ ಕಳೆದುಕೊಂಡ ಹ್ಯಾನೋವರ್ ದೊರೆಯಿಂದ ಕಸಿದುಕೊಂಡ ಸಂಪತ್ತು!

ಬವೇರಿಯಾದಂತೆ, ಬೀದರ ಸೇರಿದ್ದ ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೂ ತನ್ನದೇ ಅಂಚೆ, ಸೈನ್ಯ, ಹಾಲಿ ಸಿಕ್ಕಾ ನಾಣ್ಯ ಇದ್ದವು. ಬೀದರ, ಭಾಲ್ಕಿಗೆ ಬಂದ ರೈಲೂ ನಿಜಾಮನದೇ. ಭಾರತದೊಡನೆ ನಿಜಾಮ ಮಾಡಿಕೊಂಡ 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದ ಸಮಯವನ್ನಷ್ಟೇ ಕೊಟ್ಟಿತು. ಆ ಅವಧಿಯಲ್ಲೇ, 1948ರ ಮೇ ತಿಂಗಳಲ್ಲಿ, ಬೀದರ ಜಿಲ್ಲೆಯ ಗೋರ್ಟಾದಲ್ಲಿ ನಿಜಾಮನ ಪರವಾದ ರಜಾಕಾರರ ಪಡೆ ಹತ್ಯಾಕಾಂಡ ನಡೆಸಿತು. ಸೆಪ್ಟೆಂಬರ್ 13ಕ್ಕೆ ಶುರುವಾದ ಭಾರತ ಸೇನೆಯ ‘ಪೊಲೀಸ್ ಆ್ಯಕ್ಷನ್’ 17ಕ್ಕೆ ನಿಜಾಮನ ಶರಣಾಗತಿಯಲ್ಲಿ ಮುಗಿಯಿತು. ಅದರ ಬೆನ್ನಲ್ಲೇ ಮುಸ್ಲಿಮರ ಮೇಲೆ ನಡೆದ ಹಿಂಸೆಯಲ್ಲಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದು ಎಂದು ಸುಂದರಲಾಲ್ ಸಮಿತಿ ವರದಿ ಮಾಡಿತು. ವಿಮೋಚನೆಯ ಕಥೆ ಹೇಳುವವರು ಗೋರ್ಟಾವನ್ನೂ ಹೇಳಬೇಕು, ಇದನ್ನೂ ಹೇಳಬೇಕು.

ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1950ರಲ್ಲಿ ರಾಜಪ್ರಮುಖ, ಅಂದರೆ ರಾಜ್ಯಪಾಲನಂಥ ಮುಖ್ಯಸ್ಥ, ಆದ. ಅರಸರಿಗೆ ಕೊಡುವ ರಾಜಧನವನ್ನು ಸಂವಿಧಾನದಲ್ಲೇ ಬಹಿರಂಗವಾಗಿ ಬರೆಯಲಾಗಿತ್ತು. ಬಿಸ್ಮಾರ್ಕನ ಗುಟ್ಟಿನ ಹಣಕ್ಕಿಂತ ಇದು ಮೇಲಾದ ರಾಜನೀತಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಇನ್ನೊಂದು ವ್ಯತ್ಯಾಸ ನಮ್ಮ ಕರುಳಿಗೆ ತಾಗುವಂಥದ್ದು. 1876ರ ಕಾನೂನು ಪ್ರಷ್ಯಾದ ಕಚೇರಿಗಳಲ್ಲಿ ಜರ್ಮನ್ ಒಂದನ್ನೇ ಉಳಿಸಿತು. ಪೋಸೆನ್ ಪ್ರಾಂತದ ಪೋಲಿಷ್ ಮಕ್ಕಳ ಶಾಲೆಗಳಿಗೂ ಜರ್ಮನ್ ಹೊಕ್ಕಿತು. ಇಲ್ಲೂ ನಿಜಾಮನ ಉರ್ದು ಆಡಳಿತದ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಪೋಲಿಷ್ ತಾಯಂದಿರ ಸಂಕಟ ಭಾಲ್ಕಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಭಾರತ ಸಂಸ್ಥಾನವನ್ನು ಉಳಿಸಲಿಲ್ಲ, ಭಾಷೆಯ ಮೇಲೆ ಗಡಿಯನ್ನೇ ಹೊಸದಾಗಿ ಎಳೆಯಿತು. 1956ರಲ್ಲಿ ಬೀದರ ಜಿಲ್ಲೆ ಮೂರು ಪಾಲಾಯಿತು: ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ, ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೈಸೂರಿಗೆ. ಗೆರೆ ಪೂರ್ತಿ ನೇರ ಬೀಳಲಿಲ್ಲ. ಔರಾದ, ಭಾಲ್ಕಿಯ ಎಷ್ಟೋ ಮನೆಗಳ ಮಾತು ಇಂದಿಗೂ ಮರಾಠಿ, ಬೀದರ ಪೇಟೆಯಲ್ಲಿ ಉರ್ದು. ಅವರೆಲ್ಲರ ಮಾತಿಗೂ ಇಲ್ಲಿ ಜಾಗ ಇರಬೇಕು. ಪೋಸೆನ್ನಿನ ತಪ್ಪು ನಾವು ಮಾಡಬಾರದು.

ಪಟೇಲರಿಗೆ ಬಿಸ್ಮಾರ್ಕನ ಹೆಸರು ಅರ್ಧ ಮಾತ್ರ ಒಪ್ಪುತ್ತದೆ. ಬಿಸ್ಮಾರ್ಕ್ ಉಳಿಸಿದ ಬವೇರಿಯಾದ ಗಾದಿ 1918ರವರೆಗೆ ಬಾಳಿತು. ನಿಜಾಮನ ರಾಜಪ್ರಮುಖ ಪದವಿ 1956ರ ನವೆಂಬರ್ 1ರಂದು, ಬೀದರ ಮೈಸೂರು ರಾಜ್ಯ ಸೇರಿದ ದಿನವೇ, ಕೊನೆಗೊಂಡಿತು.