ಗ್ರಾಮಠಾಣದ ನಕ್ಷೆ

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ ಹೋಬಳಿಯಲ್ಲಿ, ನಾಡಿನ ಇತರೆಡೆಗಳಂತೆಯೇ, ಹೊಲಗದ್ದೆಗಳಿಗೆ ಸರ್ವೆ ನಂಬರು, ಹದ್ದುಬಸ್ತು ಉಂಟು. ಜನ ಬಾಳುವ ಗ್ರಾಮಠಾಣವಾದರೋ ಹಳೆಯ ನಕ್ಷೆಗಳಲ್ಲಿ ಒಂದೇ ತುಂಡಾಗಿ ಉಳಿಯಿತು. ಈ ಕೊರತೆಯನ್ನು ನೀಗಲೆಂದು ಕೇಂದ್ರ ಸರ್ಕಾರವು 2020ರ ಏಪ್ರಿಲ್ 24ರಂದು ಸ್ವಾಮಿತ್ವ ಯೋಜನೆಯನ್ನು ಆರಂಭಿಸಿತು. ಕರ್ನಾಟಕವು ಮೊದಲ ಹಂತದ ರಾಜ್ಯಗಳಲ್ಲೊಂದು. ಡ್ರೋನ್ ಯಂತ್ರವು ಆಕಾಶದಿಂದ ಚಿತ್ರ ತೆಗೆಯುತ್ತದೆ. ಆದರೆ ಸೂರನ್ನು ಕಾಣಬಲ್ಲ ಆ ಯಂತ್ರಕ್ಕೆ ಹಿತ್ತಿಲು ಯಾರದೆಂಬುದು ಕಾಣದು. ಆದುದರಿಂದ ಹಾರಾಟಕ್ಕೆ ಮುನ್ನ ಮಾಲೀಕರು, ನೆರೆಹೊರೆಯವರು, ಪಂಚಾಯಿತಿಯವರು ಕೂಡಿ ಎಲ್ಲೆಗಳಿಗೆ ಸುಣ್ಣದ ಗೆರೆ ಎಳೆಯಬೇಕು. ನಿಜವಾದ ಸರ್ವೆ ಇದೇ ಎನ್ನಬೇಕು. ಅಣ್ಣತಮ್ಮಂದಿರ ಬಾಯಿಮಾತಿನ ಪಾಲು, ಬಂಡಿ ತಿರುಗುವ ಓಣಿ, ತಿಪ್ಪೆಯ ಜಾಗ ಎಲ್ಲವೂ ಆ ಗೆರೆಯಲ್ಲಿ ಇತ್ಯರ್ಥವಾಗಬೇಕು. ಅಂದು ದುಡಿಮೆಗೆಂದು ಬೆಂಗಳೂರಿಗೆ ಹೋದವನ ಗೋಡೆಯ ಪರವಾಗಿ ನುಡಿಯುವವರಾರು? ಕರಡು ನಕ್ಷೆ ಪ್ರಕಟವಾದ ಬಳಿಕ ಅವನಿಗೆ ಆಕ್ಷೇಪಣೆಯ ಅವಕಾಶವಿದೆ. ಗೊತ್ತುಪಡಿಸಿದ ಅವಧಿಯೊಳಗೆ ಮಾತ್ರ.